ಸಹಾಯ ಬೇಕು: ವೆಬ್‌ವ್ಯೂ ಒಳಗೆ ಬೇರೆಯವರ ಸ್ಕ್ರಿಪ್ಟ್ ಓಡುತ್ತಿದೆ
ನಮಸ್ಕಾರ. ಕಲಬುರಗಿ ಕಡೆಯ ತೊಗರಿ ರೈತರಿಗೆಂದು ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಬೆಲೆ ಪುಟ ವೆಬ್‌ವ್ಯೂನಲ್ಲಿ (ಆ್ಯಪ್ ಒಳಗೇ ವೆಬ್ ಪುಟ ತೋರಿಸುವ ಭಾಗ) ತೆರೆಯುತ್ತದೆ, ಕೆಳಗೆ ರೈತರು ಪ್ರಶ್ನೆ ಬರೆಯಬಹುದು. ನಿನ್ನೆ ಗೆಳೆಯನೊಬ್ಬ ಅಲ್ಲಿ ಇಮೇಜ್ ಟ್ಯಾಗ್ ಹಾಕಿ, ಆನ್‌ಎರರ್‌ನಲ್ಲಿ (ಚಿತ್ರ ಲೋಡ್ ಆಗದಿದ್ದಾಗ ಓಡುವ ಕೋಡ್‌ನ ಜಾಗ) ಸ್ಕ್ರಿಪ್ಟ್ ಬರೆದ. ಅದು ಓಡಿಯೇ ಬಿಟ್ಟಿತು! ಜಾವಾಸ್ಕ್ರಿಪ್ಟ್ ಇಂಟರ್‌ಫೇಸ್ (ಪುಟದ ಸ್ಕ್ರಿಪ್ಟ್ ಆ್ಯಪ್‌ನ ಕೋಡ್ ಕರೆಯುವ ಸೇತುವೆ) ಮೂಲಕ ರೈತರ ಫೋನ್ ನಂಬರ್ ಕೊಡುವ ಮೆಥಡ್ ಬೇರೆ ಇದೆ. ನನಗೆ ನಿದ್ದೆಯೇ ಬರಲಿಲ್ಲ.

ಆಂಡ್ರಾಯ್ಡ್ 4.2ರಿಂದ @JavascriptInterface ಎಂದು ಗುರುತು ಹಾಕಿದ ಮೆಥಡ್‌ಗಳನ್ನು ಮಾತ್ರ ಪುಟ ಕರೆಯಬಹುದು. ಆದರೆ ನಾನೇ ಗುರುತು ಹಾಕಿದ್ದೇನಲ್ವಾ? ಅದರ ಬದಲು ವೆಬ್ ಮೆಸೇಜ್ ಲಿಸನರ್ (ಪುಟ ಕಳಿಸುವ ಸಂದೇಶವನ್ನು ಆ್ಯಪ್ ಕೇಳುವ ವ್ಯವಸ್ಥೆ) ಬಳಸಿ, ನಮ್ಮ ಒರಿಜಿನ್‌ಗೆ (ಸೈಟ್ ವಿಳಾಸಕ್ಕೆ) ಮಾತ್ರ ಅನುಮತಿ ಕೊಟ್ಟರೂ, ಸ್ಕ್ರಿಪ್ಟ್ ನಮ್ಮದೇ ಪುಟದಲ್ಲಿ ಓಡುವುದರಿಂದ ಸಾಲದು ಅನಿಸುತ್ತದೆ.

ರೈತರು ಬರೆದದ್ದನ್ನು ಎಸ್ಕೇಪ್ ಮಾಡುವುದು (ಟ್ಯಾಗ್‌ಗಳು ಕೋಡ್ ಆಗದೆ ಬರೀ ಅಕ್ಷರವಾಗಿ ಕಾಣುವಂತೆ ಬದಲಿಸುವುದು) ಶುರುಮಾಡಿದ್ದೇನೆ. ಜೊತೆಗೆ ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ (ಪುಟದಲ್ಲಿ ಯಾವ ಸ್ಕ್ರಿಪ್ಟ್ ಓಡಬಹುದು ಎಂಬ ನಿಯಮ) ಹಾಕಬೇಕು. ಆದರೆ ಪುಟದೊಳಗೇ ಬರೆದ ಹಳೆ ಇನ್‌ಲೈನ್ ಕೋಡ್ ಜಾಸ್ತಿ ಇದೆ, ಅದೂ ನಿಂತುಹೋಗಬಹುದು. ನಾನ್ಸ್ (ನಮ್ಮ ಸ್ಕ್ರಿಪ್ಟ್‌ಗೆ ಪ್ರತಿ ಸಲ ಹೊಸದಾಗಿ ಕೊಡುವ ಗುಪ್ತ ಸಂಕೇತ) ಬಳಸಿ ದಾರಿ ಕಂಡುಕೊಂಡವರು ಇದ್ದೀರಾ? ದಯವಿಟ್ಟು ತಿಳಿಸಿ.