ಏವ್‌ಬರಿ ಸುತ್ತ ಏನೇನು ನೋಡಬೇಕು? ಹೋಗಿಬಂದವರು ಹೇಳಿ

ಪ್ರಶ್ನೆ: ಬೆಂಗಳೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಏವ್‌ಬರಿ ಹಳ್ಳಿಯ ಹತ್ತಿರ ಒಂದು ವಾರ ಉಳಿಯುತ್ತೇವೆ. ಅಪ್ಪನಿಗೆ ಹಳೇ ಜಾಗ ಅಂದರೆ ಪ್ರಾಣ. ಅಮ್ಮನಿಗೆ ಮಂಡಿನೋವು. ಎಲ್ಲಿಗೆ ಹೋಗಬೇಕು, ಯಾವುದನ್ನು ಬಿಡಬಹುದು?

ಉತ್ತರ: ಹಳ್ಳಿಯಿಂದಲೇ ಶುರುಮಾಡಿ. ಜಗತ್ತಿನ ಅತಿ ದೊಡ್ಡ ಕಲ್ಲಿನ ವೃತ್ತ ಅಲ್ಲೇ ಇದೆ. ರಸ್ತೆ, ಕೆಲವು ಮನೆ, ಪಬ್ ಎಲ್ಲ ಅದರ ಒಳಗೇ! ಸ್ಟೋನ್‌ಹೆಂಜ್‌ನಲ್ಲಿ ದೂರ ನಿಂತು ನೋಡಬೇಕು, ಇಲ್ಲಿ ಕಲ್ಲು ಮುಟ್ಟಬಹುದು. ಟಿಕೆಟ್ ಇಲ್ಲ, ಪಾರ್ಕಿಂಗ್‌ಗೆ ಮಾತ್ರ ದುಡ್ಡು. ಅಪ್ಪನಿಗೆ ಅಲೆಕ್ಸಾಂಡರ್ ಕೀಲರ್ ಬಗ್ಗೆ ಮೊದಲೇ ಹೇಳಿಡಿ. ಮಾರ್ಮಲೇಡ್ (ಕಿತ್ತಳೆ ಜಾಮ್) ವ್ಯಾಪಾರದ ಮನೆತನದವರು. 1930ರ ದಶಕದಲ್ಲಿ ಮಣ್ಣಡಿ ಹೂತಿದ್ದ ಕಲ್ಲುಗಳನ್ನು ಅಗೆಸಿ ನಿಲ್ಲಿಸಿದರು. ಕಲ್ಲೇ ಇಲ್ಲದ ಕಡೆ ಕಾಂಕ್ರೀಟ್ ಗುರುತು ಇಟ್ಟರು. 1938ರಲ್ಲಿ ಒಂದು ಕಲ್ಲಿನಡಿ ಮಧ್ಯಯುಗದ ಮನುಷ್ಯನ ಅಸ್ಥಿಪಂಜರ ಸಿಕ್ಕಿತು, ಜೊತೆಗೆ ನಾಣ್ಯ, ಕತ್ತರಿ. ಕತ್ತರಿ ನೋಡಿ ಕ್ಷೌರಿಕ ವೈದ್ಯ (ಕ್ಷೌರದ ಜೊತೆ ಶಸ್ತ್ರಚಿಕಿತ್ಸೆಯನ್ನೂ ಮಾಡುವವನು) ಇರಬೇಕು ಅಂದುಕೊಂಡರು. ಆ ಕಲ್ಲಿಗೆ ಇವತ್ತಿಗೂ ಅದೇ ಹೆಸರು. ಇಂಥ ಕಥೆ ಗೊತ್ತಿದ್ದರೆ ಸುಮ್ನೆ ಕಲ್ಲು ನೋಡಿದ ಹಾಗಾಗುವುದಿಲ್ಲ. ಕಲ್ಲುಗಳ ನಡುವೆ ಕುರಿ ಮೇಯುತ್ತವೆ, ಅಮ್ಮನಿಗೆ ಜಾರದ ಶೂ ಹಾಕಿಸಿ.

ಉತ್ತರ: ಅಮ್ಮನಿಗೆ ಸಿಲ್ಬರಿ ಹಿಲ್ ಸರಿ. ಹೇಗೂ ಯಾರನ್ನೂ ಹತ್ತಲು ಬಿಡುವುದಿಲ್ಲ, ಕೆಳಗಿನಿಂದಲೇ ನೋಡಬೇಕು. ಸುಮಾರು 30 ಮೀಟರ್ ಎತ್ತರದ ಈ ಗುಡ್ಡವನ್ನು ಕ್ರಿ.ಪೂ. 2400ರ ಸುಮಾರಿಗೆ ಜನ ಕೈಯಾರೆ ಕಟ್ಟಿದರು. ಒಳಗೆ ಗೋರಿ ಸಿಕ್ಕಿಲ್ಲ, ಯಾಕೆ ಕಟ್ಟಿದರೋ ಇನ್ನೂ ಗೊತ್ತಾಗಿಲ್ಲ. ಎದುರಿನ ವೆಸ್ಟ್ ಕೆನೆಟ್ ಲಾಂಗ್ ಬ್ಯಾರೋಗೆ ಹೊಲದ ದಾರಿಯಲ್ಲಿ ಏರು ಹತ್ತಬೇಕು. ಅಮ್ಮ ಕೆಳಗೇ ಇರಲಿ, ಅಪ್ಪನನ್ನು ಮಾತ್ರ ತಪ್ಪಿಸದೆ ಕರೆದುಕೊಂಡು ಹೋಗಿ. ಕ್ರಿ.ಪೂ. 3650ರ ಸುಮಾರಿನ ಗೋರಿ ಅದು, ಉದ್ದ ಸುಮಾರು 100 ಮೀಟರ್. ಕಲ್ಲಿನ ಕೋಣೆಗಳೊಳಗೆ ನಡೆದು ಹೋಗಬಹುದು. ಟಾರ್ಚ್ ಇರಲಿ. ನನಗಂತೂ ಈ ಸುತ್ತಿನಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ.

ಉತ್ತರ: ಮಳೆ ಬಂದರೆ ಲೇಕಾಕ್ ಅಬಿಗೆ ಹೋಗಿ, ಕಾರಿದ್ದರೆ ದೂರವಲ್ಲ. 13ನೇ ಶತಮಾನದ ಸನ್ಯಾಸಿನಿಯರ ಮಠ. ಕೆಳಗಿನ ಕಮಾನು ಪಡಸಾಲೆಯಲ್ಲೇ ಅಮ್ಮ ಆರಾಮಾಗಿ ತಿರುಗಾಡಬಹುದು. 1835ರಲ್ಲಿ ಫೋಟೊಗ್ರಫಿಯ ಮೊದಲಿಗರಲ್ಲಿ ಒಬ್ಬರಾದ ಫಾಕ್ಸ್ ಟಾಲ್ಬಟ್ ಇಲ್ಲಿನ ಒಂದು ಕಿಟಕಿಯ ಫೋಟೊ ನೆಗೆಟಿವ್ ತೆಗೆದರು. ಕ್ಯಾಮೆರಾದಲ್ಲಿ ತೆಗೆದು ಇವತ್ತಿಗೂ ಉಳಿದಿರುವ ನೆಗೆಟಿವ್‌ಗಳಲ್ಲಿ ಅದೇ ಅತಿ ಹಳೆಯದು. ಆ ಕಿಟಕಿ ಈಗಲೂ ಇದೆ. ಸ್ಟೋನ್‌ಹೆಂಜ್ ಅನ್ನು ಏವ್‌ಬರಿ ದಿನಕ್ಕೆ ತುರುಕಬೇಡಿ. ಹೇಗೂ ವಾರ ಇರುತ್ತೀರಲ್ವಾ, ಬೇರೆ ದಿನಕ್ಕೆ ಮುಂಚೆಯೇ ಟಿಕೆಟ್ ತೆಗೆದುಕೊಳ್ಳಿ.