ಫೀಲ್ಡ್ ಮಾರ್ಷಲ್ ಸ್ಲಿಮ್ ಹೆಸರಿನ ಪಕ್ಕ ಇಷ್ಟೊಂದು ಅಕ್ಷರ ಯಾಕೆ?

ಹಳೇಫೋಟೋ:
ಎರಡನೇ ಮಹಾಯುದ್ಧದ ಬರ್ಮಾ ರಂಗದ ಬಗ್ಗೆ ಓದುತ್ತಿದ್ದೇನೆ. ಬ್ರಿಟಿಷ್ ಸೇನಾನಿ ವಿಲಿಯಂ ಸ್ಲಿಮ್ ಹೆಸರಿನ ಪಕ್ಕ ಕೆಜಿ, ಜಿಸಿಬಿ, ಜಿಸಿಎಂಜಿ, ಜಿಸಿವಿಒ, ಜಿಬಿಇ, ಡಿಎಸ್‌ಒ, ಎಂಸಿ ಅಂತ ರೈಲು ಬೋಗಿಗಳ ಹಾಗೆ ಸಾಲಾಗಿ ಬರೆದಿದ್ದಾರೆ. ಇದರಲ್ಲಿ ಗುಂಡಿನ ಎದುರು ನಿಂತು ಗಳಿಸಿದ್ದು ಯಾವುದು, ಕುರ್ಚಿ ಜೊತೆ ಬಂದಿದ್ದು ಯಾವುದು? ಇನ್ನೊಂದು, 1942ರಲ್ಲಿ ಸಿಬಿಇ ಸಿಕ್ಕಿತ್ತು ಅಂತಲೂ ಓದಿದೆ. ಈ ಸಾಲಿನಲ್ಲಿ ಅದೇ ಇಲ್ಲ. ವಾಪಸ್ ತಗೊಂಡರಾ?

ರಿಬ್ಬನ್‌ಪಟ್ಟಿ:
ಸಾಲನ್ನು ಬಾಲದಿಂದ ಓದಿ, ಗೊತ್ತಾಗುತ್ತೆ. ಕೊನೆಯಲ್ಲಿರುವ ಎಂಸಿ, ಅಂದರೆ ಮಿಲಿಟರಿ ಕ್ರಾಸ್, ಪೂರ್ತಿ ರಣರಂಗದ್ದು. ಬೆಳ್ಳಿಯ ಶಿಲುಬೆ, ಬಿಳಿ-ನೇರಳೆ-ಬಿಳಿ ರಿಬ್ಬನ್. ಅದು ಶುರುವಾಗಿದ್ದು 1914ರ ಡಿಸೆಂಬರ್‌ನಲ್ಲಿ, ಆಗ ಕ್ಯಾಪ್ಟನ್ ಮತ್ತು ಅದಕ್ಕಿಂತ ಕೆಳಗಿನ ಅಧಿಕಾರಿಗಳಿಗೆ, ವಾರಂಟ್ ಅಧಿಕಾರಿಗಳಿಗೆ ಮಾತ್ರ ಕೊಡುತ್ತಿದ್ದರು. ಸ್ಲಿಮ್‌ಗೆ ಅದು ಮೆಸೊಪೊಟೇಮಿಯಾದ (ಈಗಿನ ಇರಾಕ್) ಯುದ್ಧಕ್ಕೆ 1918ರಲ್ಲಿ ಬಂತು. ಅಷ್ಟರೊಳಗೆ ಎರಡು ಸಲ ಗಾಯಗೊಂಡಿದ್ದರು, ಮೊದಲನೆಯದು 1915ರಲ್ಲಿ ಟರ್ಕಿಯ ಗಲಿಪೊಲಿಯಲ್ಲಿ.

ಇವರು ದೊಡ್ಡ ಮನೆತನದವರೇನೂ ಅಲ್ಲ. ಸ್ಯಾಂಡ್‌ಹರ್ಸ್ಟ್ ಸೇನಾ ಕಾಲೇಜಿಗೆ ಹೋಗುವಷ್ಟು ದುಡ್ಡಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳಿದ್ದರು, ಲೋಹದ ಕೊಳವೆ ಮಾಡುವ ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಲ್ಲದಿದ್ದರೂ ಅಲ್ಲಿನ ಅಧಿಕಾರಿ ತರಬೇತಿ ದಳಕ್ಕೆ ಹೇಗೋ ನುಸುಳಿಕೊಂಡಿದ್ದರು. 1914ರ ಆಗಸ್ಟ್‌ನಲ್ಲಿ ಯುದ್ಧ ಬಂದಿದ್ದೇ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟಿನಲ್ಲಿ ತಾತ್ಕಾಲಿಕ ಸೆಕೆಂಡ್ ಲೆಫ್ಟಿನೆಂಟ್ ಆದರು. ಆಮೇಲೆ ಬ್ರಿಟಿಷ್ ಇಂಡಿಯನ್ ಆರ್ಮಿ, 6ನೇ ಗೂರ್ಖಾ ರೈಫಲ್ಸ್.

ಡಿಎಸ್‌ಒ, ಅಂದರೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್, ಕೂಡ ಯುದ್ಧದ್ದೇ, 1941ರ ಮಧ್ಯಪ್ರಾಚ್ಯದ ಸೇವೆಗೆ. ಆದರೆ ಆಗ ಅವರು ಡಿವಿಜನ್ (ಸಾವಿರಾರು ಸೈನಿಕರ ಪಡೆ) ನಡೆಸುತ್ತಿದ್ದರು, ಹಾಗಾಗಿ ಅದು ಮುಖ್ಯವಾಗಿ ನಾಯಕತ್ವಕ್ಕೆ ಸಿಕ್ಕ ಗೌರವ.

ಗೆಜೆಟ್_ಹುಳು:
ಸಿಬಿಇಯನ್ನು ಯಾರೂ ಕಿತ್ತುಕೊಂಡಿಲ್ಲ ಮಾರಾಯ್ರೇ. ಒಂದೇ ಆರ್ಡರ್‌ನಲ್ಲಿ, ಅಂದರೆ ದರ್ಜೆಗಳಿರುವ ಒಂದೇ ಗೌರವದಲ್ಲಿ, ಮೇಲಿನ ದರ್ಜೆ ಸಿಕ್ಕಿದರೆ ಕೆಳಗಿನದನ್ನು ಹೆಸರಿನ ಪಕ್ಕ ಬರೆಯುವುದಿಲ್ಲ, ಅಷ್ಟೇ. ಸಿಬಿಇ, ಜಿಬಿಇ ಎರಡೂ ಬ್ರಿಟಿಷ್ ಎಂಪೈರ್ ಆರ್ಡರ್‌ನ ದರ್ಜೆಗಳು; 1946ರಲ್ಲಿ ಜಿಬಿಇ ಬಂತು, ಸಿಬಿಇ ಮರೆಯಾಯಿತು. ಹಾಗೇ ಬಾತ್ ಆರ್ಡರ್‌ನಲ್ಲಿ 1944ರಲ್ಲಿ ಸಿಬಿ, ಅದೇ ವರ್ಷ ಕೆಸಿಬಿ, 1950ರಲ್ಲಿ ಜಿಸಿಬಿ, ಈಗ ಕೊನೆಯದು ಮಾತ್ರ ಕಾಣುತ್ತದೆ. ಈ ಕೆಸಿಬಿ ಮಾತ್ರ ಸುಮ್ನೆ ಕುರ್ಚಿ ಗೌರವ ಅಲ್ಲ. ಕೊಹಿಮಾ-ಇಂಫಾಲದಲ್ಲಿ ಜಪಾನಿ ಸೇನೆಯನ್ನು ಮುರಿದ ಮೇಲೆ, 1944ರ ಡಿಸೆಂಬರ್‌ನಲ್ಲಿ ವೈಸ್‌ರಾಯ್ ವೇವೆಲ್ ಇಂಫಾಲಕ್ಕೇ ಬಂದು ಸ್ಲಿಮ್ ಮತ್ತು ಅವರ ಮೂವರು ಕೋರ್ (ಕೆಲವು ಡಿವಿಜನ್‌ಗಳ ಪಡೆ) ಕಮಾಂಡರ್‌ಗಳಿಗೆ ನೈಟ್ ಪದವಿ ಕೊಟ್ಟರು.

ಜಿಸಿಎಂಜಿ, ಅಂದರೆ ಸೇಂಟ್ ಮೈಕೆಲ್ ಮತ್ತು ಸೇಂಟ್ ಜಾರ್ಜ್ ಆರ್ಡರ್‌ನ ಮೇಲ್ದರ್ಜೆ, ಹೆಚ್ಚಾಗಿ ಗವರ್ನರ್‌ಗಳಿಗೆ, ರಾಯಭಾರಿಗಳಿಗೆ ಹೋಗುವಂಥದ್ದು. ಇವರು 1953ರಿಂದ 1960ರವರೆಗೆ ಆಸ್ಟ್ರೇಲಿಯಾದ ಗವರ್ನರ್ ಜನರಲ್. ಜಿಸಿವಿಒ, ಅಂದರೆ ರಾಯಲ್ ವಿಕ್ಟೋರಿಯನ್ ಆರ್ಡರ್‌ನ ಮೇಲ್ದರ್ಜೆ, ರಾಜ ಅಥವಾ ರಾಣಿಯೇ ಸ್ವಂತ ಇಷ್ಟದಿಂದ ಕೊಡುವುದು; 1954ರಲ್ಲಿ ರಾಣಿ ಎರಡನೇ ಎಲಿಜಬೆತ್ ಆಸ್ಟ್ರೇಲಿಯಾ ಪ್ರವಾಸಕ್ಕೆ ಬಂದ ವರ್ಷವೇ ಇವರಿಗೆ ಸಿಕ್ಕಿತು. ಕೆಜಿ ಅಂದರೆ ಗಾರ್ಟರ್ ಆರ್ಡರ್‌ನ ನೈಟ್, 1959ರದ್ದು. ಅದರಲ್ಲಿ ಒಂದು ಸಲಕ್ಕೆ 24 ಸದಸ್ಯರಿಗಷ್ಟೇ ಜಾಗ, ರಾಜಮನೆತನದವರ ಲೆಕ್ಕ ಬೇರೆ.

ಹಳೇಫೋಟೋ:
ಓಹ್, ಅಂದರೆ ಜೀವಕ್ಕೆ ಹೆಚ್ಚು ಅಪಾಯ ಇದ್ದಾಗ ಸಿಕ್ಕಿದ್ದೇ ಸಾಲಿನ ಕೊನೆಗೆ ಹೋಗಿದೆ, ವಿಚಿತ್ರ ಅಲ್ವಾ? ಬರ್ಮಾ ಗೆದ್ದಿದ್ದಕ್ಕೆ ಬೇರೆ ಪದಕ ಇಲ್ವಾ? ಮತ್ತೆ 1945ರಲ್ಲಿ ಇವರನ್ನೇ ಕೆಲಸದಿಂದ ತೆಗೆದಿದ್ದರು ಅನ್ನೋದು ನಿಜಾನಾ?

ರಿಬ್ಬನ್‌ಪಟ್ಟಿ:
ಬರ್ಮಾ ಸ್ಟಾರ್ ಇದೆ. ಆರು ಮೂಲೆಯ ನಕ್ಷತ್ರ, ರಿಬ್ಬನ್ ನಡುವೆ ಕೆಂಪು, ಎರಡು ಬದಿಗೆ ಕಡು ನೀಲಿ, ಪ್ರತಿ ನೀಲಿಯೊಳಗೆ ಒಂದು ಕಿತ್ತಳೆ ಗೆರೆ. 14ನೇ ಸೇನೆಯ ಕಮಾಂಡರ್ ಆಗಿದ್ದ ಸ್ಲಿಮ್‌ಗೂ ಅಲ್ಲಿ ಹೇಸರಗತ್ತೆ ನಡೆಸಿದ ಸೈನಿಕನಿಗೂ ಅದೇ ನಕ್ಷತ್ರ. ನನ್ನ ಕೇಳಿದರೆ ಮೇಲಿನ ಐದು ಅಕ್ಷರಸಾಲಿಗಿಂತ ಅದೇ ಜಾಸ್ತಿ ತೂಕದ್ದು.

ತೆಗೆದ ಕಥೆಯೂ ನಿಜ. 1945ರ ಮೇ ತಿಂಗಳ ಆರಂಭದಲ್ಲಿ ರಂಗೂನ್ ಕೈಗೆ ಬಂದಿತ್ತು. ಕೆಲವೇ ದಿನಗಳಲ್ಲಿ ಮೇಲಧಿಕಾರಿ ಆಲಿವರ್ ಲೀಸ್ ಬಂದು, 14ನೇ ಸೇನೆಯನ್ನು ಬಿಟ್ಟುಕೊಡಿ, ಬರ್ಮಾದಲ್ಲೇ ಉಳಿಯುವ 12ನೇ ಸೇನೆ ನೋಡಿಕೊಳ್ಳಿ ಅಂದರು. ಸ್ಲಿಮ್ ಅದರ ಬದಲು ನಿವೃತ್ತನಾಗುತ್ತೇನೆ ಅಂದುಬಿಟ್ಟರು. ಸುದ್ದಿ ಹರಡಿ ಅಧಿಕಾರಿಗಳು ಕೆರಳಿದರು, ಲಂಡನ್‌ನಲ್ಲಿ ಸೇನಾ ಮುಖ್ಯಸ್ಥ ಅಲನ್‌ಬ್ರೂಕ್ ಒಪ್ಪಲಿಲ್ಲ. ಕೊನೆಗೆ ಹೋಗಿದ್ದು ಲೀಸ್, ಅವರ ಜಾಗಕ್ಕೆ ಬಂದಿದ್ದು ಸ್ಲಿಮ್!

ಗೆಜೆಟ್_ಹುಳು:
ಇನ್ನೊಂದು ಸೇರಿಸುತ್ತೇನೆ. 1948ರಲ್ಲಿ ಸೇನೆ ಬಿಟ್ಟು ಬ್ರಿಟಿಷ್ ರೈಲ್ವೆ ಆಡಳಿತಕ್ಕೆ ಸೇರಿದ್ದರು. ಪ್ರಧಾನಿ ಅಟ್ಲೀ ಅಲ್ಲಿಂದ ಕರೆಸಿ ಇಡೀ ಬ್ರಿಟಿಷ್ ಸೇನೆಯ ಮುಖ್ಯಸ್ಥರನ್ನಾಗಿ ಮಾಡಿದರು. ಆಗ ಆ ಹುದ್ದೆಯಲ್ಲಿದ್ದ ಮಾಂಟ್ಗೊಮರಿಗೆ ತಮ್ಮ ಜಾಗಕ್ಕೆ ಜನರಲ್ ಜಾನ್ ಕ್ರಾಕರ್ ಬೇಕಿತ್ತು, ಕ್ರಾಕರ್‌ಗೆ ಆಗಲೇ ಹೇಳಿಯೂ ಆಗಿತ್ತು. ಅಟ್ಲೀ ಕೇಳಲಿಲ್ಲ. ಇಂಡಿಯನ್ ಆರ್ಮಿಯಿಂದ ಬಂದು ಆ ಹುದ್ದೆಗೆ ಏರಿದವರಲ್ಲಿ ಸ್ಲಿಮ್ ಮೊದಲಿಗರು. ಫೀಲ್ಡ್ ಮಾರ್ಷಲ್ ದರ್ಜೆ 1949ರ ಜನವರಿಯಲ್ಲಿ ಬಂತು.