ಭೇದಿ ನಿಂತರೂ ಜ್ವರ ಇಳಿಯಲಿಲ್ಲ, ರಕ್ತದಲ್ಲಿ ಸಾಲ್ಮೊನೆಲ್ಲಾ ಅಂದರು

ಮಗುವಿನ ತಾಯಿ: ಡಾಕ್ಟ್ರೇ, ನನ್ನ ಮಗನಿಗೆ 4 ತಿಂಗಳು. ಮೂರು ದಿನ ಭೇದಿಯಾಗಿ ನಿಂತಿತು, ಆದರೆ ಜ್ವರ ಬಿಡಲಿಲ್ಲ. ರಕ್ತವನ್ನು ಬಾಟಲಿಯಲ್ಲಿಟ್ಟು ರೋಗಾಣು ಬೆಳೆಯುತ್ತಾ ಅಂತ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆದಿದೆಯಂತೆ. ಅಡ್ಮಿಟ್ ಮಾಡಿ ಇಂಜೆಕ್ಷನ್ ಶುರು ಮಾಡಿದ್ದಾರೆ. ಅವನು ನನ್ನ ಹಾಲು ಬಿಟ್ಟು ಬೇರೇನೂ ಕುಡಿದಿಲ್ಲ. ಆಹಾರದ ರೋಗಾಣು ಅವನಿಗೆ ಹೇಗೆ ಬಂತು? ನನ್ನ ಹಾಲಿನಿಂದಲೇ ಬಂತಾ?

ಮಕ್ಕಳ ಡಾಕ್ಟರ್: ನಿಮ್ಮ ಹಾಲನ್ನು ದೂರಬೇಡಿ ಅಮ್ಮ, ನಿಲ್ಲಿಸಲೂಬೇಡಿ. ಇದು ಹೆಚ್ಚಾಗಿ ಕೈಯಿಂದ ಬರುತ್ತದೆ. ಹಸಿ ಮಾಂಸ ಅಥವಾ ಮೊಟ್ಟೆ ಮುಟ್ಟಿದ ಕೈ, ಅದೇ ಕೈಯಲ್ಲಿ ತಿರುಗಿಸಿದ ನಲ್ಲಿ, ಆಮೇಲೆ ಮಗು ಚೀಪುವ ಬೆರಳು. ಅಷ್ಟು ಸಾಕು.

ಎಳೆಮಕ್ಕಳ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ಹಾಗಾಗಿ ಬ್ಯಾಕ್ಟೀರಿಯಾ ಸಾಯದೆ ಕರುಳು ಸೇರುತ್ತದೆ. ಕರುಳಿನ ಗೋಡೆ ದಾಟಿದಾಗ ಬಿಳಿ ರಕ್ತಕಣಗಳು ಅದನ್ನು ನುಂಗುತ್ತವೆ. ಆದರೆ ಸಾಲ್ಮೊನೆಲ್ಲಾ ತನ್ನನ್ನು ನುಂಗಿದ ಕಣಗಳ ಒಳಗೇ ಕೂತು ಬೆಳೆಯುತ್ತದೆ, ಹಾಗೇ ರಕ್ತಕ್ಕೆ ಇಳಿಯುತ್ತದೆ. ಅಲ್ಲಿಂದ ಮೂಳೆಗೋ ಮೆದುಳಿನ ಪೊರೆಗೋ ಹೋಗಬಹುದು. ಅದಕ್ಕೇ ಜ್ವರ ಬಿಟ್ಟರೂ ಇಂಜೆಕ್ಷನ್ ಅರ್ಧಕ್ಕೆ ನಿಲ್ಲಿಸಬೇಡಿ.

ಇನ್ನೊಬ್ಬ ಸದಸ್ಯರು: ನನ್ನ ಮಗಳಿಗೆ 6 ವರ್ಷ ಸರ್. ನಿನ್ನೆಯಿಂದ ಭೇದಿ, ಸ್ವಲ್ಪ ಜ್ವರ. ಆಟ ಆಡುತ್ತಾಳೆ, ನೀರೂ ಕುಡಿಯುತ್ತಾಳೆ. ಹೋದ ಸಲ ಉಳಿದ ಆಂಟಿಬಯೋಟಿಕ್ ಸಿರಪ್ ಇದೆ, ಕೊಡಲಾ?

ಮಕ್ಕಳ ಡಾಕ್ಟರ್: ದಯವಿಟ್ಟು ಬೇಡ. ಗಟ್ಟಿಮುಟ್ಟಾದ ಮಕ್ಕಳಲ್ಲಿ ಇಂಥ ಭೇದಿ ಹೆಚ್ಚಾಗಿ ಒಂದು ವಾರದೊಳಗೆ ತಾನೇ ವಾಸಿಯಾಗುತ್ತದೆ. ಸುಮ್ನೆ ಆಂಟಿಬಯೋಟಿಕ್ ಕೊಟ್ಟರೆ ಸಾಲ್ಮೊನೆಲ್ಲಾ ಮಲದಲ್ಲಿ ಇನ್ನೂ ಜಾಸ್ತಿ ದಿನ ಉಳಿಯಬಹುದು. ಮುಂದೆ ಕಲ್ಚರ್ ಬೇಕಾದರೆ, ಒಳಗೆ ರೋಗಾಣು ಇದ್ದರೂ ಬಾಟಲಿಯಲ್ಲಿ ಬೆಳೆಯದೇ ಹೋಗಬಹುದು. ಭೇದಿ ನಿಲ್ಲಿಸುವ ಮಾತ್ರೆಯೂ ಬೇಡ. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ.

ಮಂಕಾದರೆ, ಉಸಿರು ಜೋರಾದರೆ, ಮೈ ಸುಡುತ್ತಿದ್ದು ಕೈಕಾಲು ತಣ್ಣಗಿದ್ದರೆ ಆಗಲೇ ಹೊರಡಿ. ಎದೆಯ ನಡುವೆ ಬೆರಳಿಂದ 5 ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು 3 ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೂ ಕಾಯಬೇಡಿ. ಆದರೆ ಬಣ್ಣ ಬೇಗ ಬಂತು ಅಂತ ಉಳಿದ ಲಕ್ಷಣ ಕಡೆಗಣಿಸಬೇಡಿ. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬೇರೆ ಲಕ್ಷಣ ನೋಡುತ್ತಾ ಕೂರುವ ಮಾತೇ ಇಲ್ಲ, ನೇರ ಆಸ್ಪತ್ರೆಗೆ.

ಮಗುವಿನ ತಾಯಿ: ಡಾಕ್ಟ್ರೇ, ಈಗ ಬೆನ್ನಿನಿಂದ ನೀರು ತೆಗೆಯಬೇಕು ಅನ್ನುತ್ತಿದ್ದಾರೆ. ಕೈಕಾಲು ಬಿದ್ದು ಹೋಗುತ್ತೆ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ. ಒಪ್ಪಲಾ?

ಮಕ್ಕಳ ಡಾಕ್ಟರ್: ಒಪ್ಪಿಕೊಳ್ಳಿ ಅಮ್ಮ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ. ಮೆದುಳಿನ ಪೊರೆಗೆ ಸೋಂಕು ತಗುಲಿದ್ದರೆ ಕನಿಷ್ಠ 4 ವಾರ ಔಷಧಿ ಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ಅಷ್ಟು ದಿನ ಬೇಡ. ಅದು ಗೊತ್ತಾಗುವುದು ಆ ಕೆಲವು ಹನಿಗಳಿಂದಲೇ. ಅವನು ಅಳುತ್ತಾನೆ, ನಿಜ. ಮುಗಿದ ಮೇಲೆ ಎತ್ತಿಕೊಳ್ಳಬಹುದಾ ಅಂತ ನರ್ಸನ್ನು ಕೇಳಿ, ಹೂಂ ಅಂದ ಕೂಡಲೇ ಹಾಲು ಕೊಡಿ.